ಎಳೆ ಮೂಳೆಯ ಮೇಲೆ ಶಬ್ದದ ಕಣ್ಣು

ಬಿದ್ದು ಕೈ ನೋಯಿಸಿಕೊಂಡ ಎರಡು ವರ್ಷದ ಮಗುವನ್ನು ಎಕ್ಸ್‌ರೇ ಮೇಜಿನ ಮೇಲೆ ಅಲುಗದಂತೆ ಹಿಡಿಯುವ ಪಾಡು ಹಿಡಿದವರಿಗೇ ಗೊತ್ತು. ಅಷ್ಟೆಲ್ಲ ರಂಪವಾದ ಮೇಲೆ ಬಂದ ಚಿತ್ರದಲ್ಲಿ ಮೊಣಕೈ ಕೀಲಿನ ಬಹುಭಾಗ ಕಾಣುವುದೇ ಇಲ್ಲ. ಆ ವಯಸ್ಸಿನಲ್ಲಿ ಅದಿನ್ನೂ ಮೃದ್ವಸ್ಥಿ. ಎಕ್ಸ್‌ರೇ ಹಿಡಿಯುವುದು ಸುಣ್ಣ ತುಂಬಿ ಗಟ್ಟಿಯಾದ ಮೂಳೆಯನ್ನು.

ಅಲ್ಟ್ರಾಸೌಂಡ್ ಎಂದರೆ ನಮಗೆ ನೆನಪಾಗುವುದು ಬಸಿರು. ಮೂಳೆಗೂ ಅದಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧವೆಂದೇ ಅನಿಸುತ್ತದೆ, ಏಕೆಂದರೆ ಶಬ್ದ ಮೂಳೆಯನ್ನು ದಾಟಿ ಹೋಗಲಾರದು. ಬಡಿದು ದೊಡ್ಡ ಪಾಲು ಹಿಂದಿರುಗುತ್ತದೆ. ಮುರಿತ ಹುಡುಕುವವರಿಗೆ ಬೇಕಾದದ್ದೂ ಅದೇ! ಮೈಮೇಲೆ ಆಡಿಸುವ ಪ್ರೋಬಿನ ಹರಳುಗಳು ಕಿವಿಗೆ ಕೇಳದ ಶಬ್ದವನ್ನು ಚಿಮ್ಮಿಸುತ್ತವೆ. ಮಾಂಸದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಒಂದು ಸೆಂಟಿಮೀಟರ್ ಆಳದ ಮೂಳೆಯಿಂದ ಪ್ರತಿಧ್ವನಿ 13 ಮೈಕ್ರೊಸೆಕೆಂಡಿನಲ್ಲಿ ಮರಳುತ್ತದೆ. ಪರದೆಯ ಮೇಲೆ ಮೂಳೆಯ ಮೇಲ್ಮೈ ಬೆಳ್ಳನೆಯ ಗೆರೆಯಾಗಿ ಮೂಡುತ್ತದೆ. ಗೆರೆ ಕಡಿದಿದ್ದರೆ, ಮೆಟ್ಟಿಲಾಗಿದ್ದರೆ ಮೂಳೆ ಮುರಿದಿದೆ. ಎಳೆ ಮೂಳೆ ಕೆಲವೊಮ್ಮೆ ಕಡಿಯದೆ ಬರೀ ಸುಕ್ಕುಗಟ್ಟುತ್ತದೆ; ಆಗ ಗೆರೆ ಉಬ್ಬುತ್ತದೆ. ಇದು ಬಕಲ್ ಮುರಿತ. ಆಸರೆ ಕಟ್ಟಿದರೆ ಕೆಲವೇ ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಮಕ್ಕಳ ತೋಳಿನಲ್ಲಿ ಮೂಳೆಯ ಮೇಲಿನ ಮಾಂಸ ತೆಳು, ಹಾಗಾಗಿ ಚಿತ್ರ ಇನ್ನಷ್ಟು ನಿಚ್ಚಳ. ವಿಕಿರಣವಿಲ್ಲ, ಮಗು ಅಮ್ಮನ ಮಡಿಲಲ್ಲೇ ಕೂತಿರಬಹುದು. ನೋವಿರುವ ಕಡೆ ಜೆಲ್ ಧಾರಾಳವಾಗಿ ಸುರಿದು, ಪ್ರೋಬನ್ನು ಒತ್ತದೆ ಆಡಿಸಬೇಕಷ್ಟೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಮಣಿಕಟ್ಟಿನ ಬಳಿ ಪೆಟ್ಟಾಗಿದ್ದರೂ ಕೈ ಸೊಟ್ಟಗಾಗದ, 5ರಿಂದ 15 ವರ್ಷದ 270 ಮಕ್ಕಳಲ್ಲಿ ಅರ್ಧ ಜನಕ್ಕೆ ಮೊದಲು ಎಕ್ಸ್‌ರೇ, ಉಳಿದರ್ಧಕ್ಕೆ ಮೊದಲು ಅಲ್ಟ್ರಾಸೌಂಡ್. ನಾಲ್ಕು ವಾರದ ಬಳಿಕ ಎರಡೂ ಗುಂಪಿನ ಕೈಗಳು ಸಮನಾಗಿ ಕೆಲಸ ಮಾಡುತ್ತಿದ್ದವು. ಮುಖ್ಯವಾದ ಯಾವ ಮುರಿತವೂ ತಪ್ಪಿಹೋಗಿರಲಿಲ್ಲ. 2023ರಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ: ಪ್ರೋಬ್ ಹಿಡಿದವರಲ್ಲಿ ತರಬೇತಿ ಪಡೆದ ನರ್ಸುಗಳೂ ಫಿಸಿಯೊಥೆರಪಿಸ್ಟರೂ ಇದ್ದರು.

ಮೊಣಕೈ ಇಷ್ಟು ಸಲೀಸಲ್ಲ. ಅಲ್ಲಿ ಮುರಿತಕ್ಕಿಂತ ಅದರ ಸುಳಿವನ್ನು ಹುಡುಕುತ್ತಾರೆ: ಕೀಲಿನೊಳಗೆ ರಕ್ತ ತುಂಬಿದರೆ ಹಿಂಬದಿಯ ಕೊಬ್ಬಿನ ಪದರ ಮೇಲೇಳುತ್ತದೆ. ಇನ್ನು ಕೈಹಿಡಿದು ಜಗ್ಗಿದಾಗ ಉಂಗುರದಂಥ ಅಸ್ಥಿರಜ್ಜು ಜಾರಿ ಕೀಲಿನೊಳಗೆ ಸಿಕ್ಕಿಕೊಳ್ಳುವ ಪುಟ್ಟ ಮಕ್ಕಳ ತೊಂದರೆಯೊಂದಿದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಏನೂ ಕಾಣದ ಇದು ಅಲ್ಟ್ರಾಸೌಂಡಿಗೆ ಸಿಗುತ್ತದೆ. ಆದರೆ ಕೈ ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿ ಜೋಮು ಹಿಡಿದಿದ್ದರೆ ಈ ಪ್ರಯೋಗವೆಲ್ಲ ಬೇಡ; ನೇರ ಎಕ್ಸ್‌ರೇ, ಮೂಳೆ ವೈದ್ಯರು.

ನಮ್ಮಲ್ಲಿ ಅಲ್ಟ್ರಾಸೌಂಡ್ ಯಂತ್ರ ಕೊಂಡುತಂದು ಹಾಗೇ ಬಳಸುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಬೇಕು, ಹೊತ್ತೊಯ್ಯುವ ಯಂತ್ರಕ್ಕಂತೂ ಕಟ್ಟುನಿಟ್ಟು ಹೆಚ್ಚು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾದ ನಾಡಿನಲ್ಲಿ ಈ ಬಿಗಿ ಅತಿಯೆನ್ನಲಾಗದು. ಮಕ್ಕಳ ತುರ್ತು ವಿಭಾಗಗಳಿಗೆ ಕಾನೂನಿನೊಳಗೇ ದಾರಿ ಹುಡುಕಬೇಕು. ಅಲ್ಲಿಯವರೆಗೆ ಹೆತ್ತವರಲ್ಲಿ ಒಂದು ಮನವಿ: ಬಾತ ಕೈಗೆ ಎಣ್ಣೆ ಹಚ್ಚಿ ನೀವಬೇಡಿ. ರಟ್ಟಿನ ಆಸರೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ.