ನಿಮಗಿದು ಗೊತ್ತೇ? ಕಪಿಲೆಯ ನೀರು, ಕರೆಂಟಿನ ಕಡ್ಡಿ

◆ ನಂಜನಗೂಡಿನ ಕಪಿಲೆಯಲ್ಲಿ ಮುಳುಗು ಹಾಕುವವರು ನೀರು ತಿಳಿಯಾಗಿದೆಯೇ ಎಂದು ನೋಡುತ್ತಾರೆ. ಸ್ನಾನದ ನೀರಿಗೆ ಸರ್ಕಾರ ಹಾಕಿರುವ ಮಾನದಂಡವೇ ಬೇರೆ. ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ (ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು, ರಸಸಾರ (ಪಿಎಚ್) 6.5ರಿಂದ 8.5ರೊಳಗಿರಬೇಕು. ಮೂರೂ ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರೋಡ್ ಕಡ್ಡಿಗೆ ಸಿಗುತ್ತವೆ.

◆ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೆಸರಿಸಿದ ಕರ್ನಾಟಕದ 17 ಕಲುಷಿತ ನದಿಪಾತ್ರಗಳಲ್ಲಿ ಕಪಿಲೆ ಅರ್ಥಾತ್ ಕಬಿನಿಯೂ ಇತ್ತು: ನಂಜನಗೂಡಿನಿಂದ ಹೆಜ್ಜಿಗೆವರೆಗೆ.

◆ ನೀರಿನ ಆಮ್ಲಜನಕ ಅಳೆಯುವ ಕಡ್ಡಿ ಹುಟ್ಟಿದ್ದು ಹೊಳೆಗಾಗಿ ಅಲ್ಲ, ರಕ್ತಕ್ಕಾಗಿ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1956ರಲ್ಲಿ ಅದನ್ನು ಪ್ರಕಟಿಸಿದರು. ತೆಳು ಪೊರೆ ದಾಟಿ ಬಂದ ಆಮ್ಲಜನಕ ಪ್ಲಾಟಿನಂ ಮೇಲೆ ಎಲೆಕ್ಟ್ರಾನ್ ಪಡೆಯುತ್ತದೆ. ಆಗ ಹರಿಯುವ ಕರೆಂಟೇ ಲೆಕ್ಕ. ಮನೆಯಲ್ಲಿ ಸಕ್ಕರೆ ನೋಡುವ ಗ್ಲುಕೋಮೀಟರ್ ಕೂಡ ಇದೇ ವಂಶದ್ದು.

◆ ಪಿಎಚ್ ಮೀಟರ್? 1934ರಲ್ಲಿ ಆರ್ನಾಲ್ಡ್ ಬೆಕ್ಮನ್ ಅದನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾದ ನಿಂಬೆರಸದ ಹುಳಿ ಅಳೆಯಲು!

◆ ಪಿಎಚ್ ತಕ್ಷಣ ಗೊತ್ತಾಗುತ್ತದೆ. ಬಿಒಡಿಗೆ ಮಾತ್ರ ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಹೊಳೆ ತುಂಬಿ ಹರಿಯುವಾಗ, ಉತ್ತರ ಬರುವಷ್ಟರಲ್ಲಿ ಆ ನೀರು ತಿ. ನರಸೀಪುರದ ಸಂಗಮದಲ್ಲಿ ಕಾವೇರಿ ಸೇರಿ ಮುಂದೆ ಹೋಗಿರುತ್ತದೆ. 1989ರಿಂದ ಕುಂಭಮೇಳ ನಡೆಯುವ ಜಾಗವದು. ಹಾಗಾಗಿ ನದಿಯಲ್ಲೇ ಬಿಟ್ಟು ಸದಾ ಓದುವ ಸೆನ್ಸರುಗಳು ಬೇಕು. ಅವಕ್ಕೂ ಪಾಚಿ ಹಿಡಿಯುತ್ತದೆ. ತೊಳೆದು ಸರಿಹೊಂದಿಸದಿದ್ದರೆ ಸುಳ್ಳು ಹೇಳುತ್ತವೆ.

◆ ಸಕ್ಕರೆ, ಕಾಗದ, ಔಷಧದಂಥ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳು ಸದಾ ಚಾಲೂ ಇರುವ ಅಳತೆ ಯಂತ್ರ ಕೂರಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಸೂಚಿಸಿತು. ಹೆಸರಿಸಿದ ಈ ಮೂರೂ ಬಗೆ ನಂಜನಗೂಡು ತಾಲ್ಲೂಕಿನಲ್ಲಿವೆ.

◆ ಕರೆಂಟು ಅಳೆಯುವುದಷ್ಟೇ ಅಲ್ಲ, ತೊಳೆಯುತ್ತದೆ ಕೂಡ. ಕೊಳಚೆಯಲ್ಲಿ ಕಬ್ಬಿಣ ಅಥವಾ ಅಲ್ಯೂಮಿನಿಯಂ ತಗಡು ಇಳಿಸಿ ವಿದ್ಯುತ್ ಹರಿಸಿದರೆ ಲೋಹ ಕರಗಿ, ಮೊಸರಿನ ಗಡ್ಡೆಯಂತೆ ಕೊಳೆಯನ್ನು ಕೂಡಿಸಿ ಕೆಳಗಿಳಿಸುತ್ತದೆ. ಹೊಸದೆಂದು ಮಾರುತ್ತಾರೆ, ಆದರೆ ಲಂಡನ್ನಿನ ಚರಂಡಿ ನೀರಿನ ಮೇಲೆ 1880ರ ದಶಕದಲ್ಲೇ ಇದರ ಪ್ರಯೋಗ ನಡೆದಿತ್ತು. ಉಳಿದ ಕೆಸರು ಎಲ್ಲಿಗೆ ಹೋಗುತ್ತದೆಂದು ಮಾರುವವರನ್ನು ಕೇಳಿ ನೋಡಿ.

◆ ಸರ್ಕಿಟ್ ಬೋರ್ಡ್ ಮಾಡುವ ನಂಜನಗೂಡಿನಂಥ ಊರಿಗೆ ಒಗ್ಗುವ ಲೆಕ್ಕ: ತಾಮ್ರ ಕರಗಿದ ತ್ಯಾಜ್ಯದಲ್ಲಿ 1 ಆಂಪಿಯರ್ ಕರೆಂಟು 1 ಗಂಟೆ ಹರಿದರೆ ಹೆಚ್ಚೆಂದರೆ 1.19 ಗ್ರಾಂ ತಾಮ್ರ ತಗಡಿಗೆ ಅಂಟುತ್ತದೆ. ಫ್ಯಾರಡೆಯ ನಿಯಮ ಇದಕ್ಕಿಂತ ಒಂದು ಕಣವನ್ನೂ ಹೆಚ್ಚು ಕೊಡುವುದಿಲ್ಲ. ಆದರೆ ಹೊಳೆಗೆ ಹೋಗಬೇಕಿದ್ದ ಲೋಹ ಮತ್ತೆ ಮಾರಾಟಕ್ಕೆ ಬರುತ್ತದೆ.

◆ ರೈತರ ಮಣ್ಣು ಆರೋಗ್ಯ ಚೀಟಿಯ 12 ಸಾಲುಗಳಲ್ಲಿ ರಸಸಾರ, ಲವಣಾಂಶ ಎರಡನ್ನೂ ಎಲೆಕ್ಟ್ರೋಡ್ ಅಳೆದಿರುತ್ತದೆ. ಲವಣಾಂಶ ಏರುತ್ತಿದ್ದರೆ ನಾಲೆಯ ನೀರು ಬಸಿದು ಹೋಗುತ್ತಿಲ್ಲವೇನೋ ನೋಡಬೇಕು. ಚೀಟಿ ಪೆಟ್ಟಿಗೆಯಲ್ಲಿದ್ದರೆ ತೆಗೆದು ಆ ಎರಡು ಸಾಲು ಓದಿ. ಅರ್ಥವಾಗದಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.