ಚೌಕಟ್ಟಿನಾಚೆ ನಿಂತ ಮನುಷ್ಯ

ನಮ್ಮ ಮನೆಯ ಹಜಾರದ ಗೋಡೆಯ ಮೇಲೆ ಬಹಳ ಕಾಲ ಒಂದು ಛಾಯಾಚಿತ್ರ ತೂಗುತ್ತಿತ್ತು. ಮಂಜು ಕವಿದ ಹೊಲ, ನಡುವೆ ಒಂಟಿ ಹುಣಸೆಮರ, ಅದರ ಹಿಂದೆ ಇನ್ನೂ ಬಿಸಿಯೇರದ ಸೂರ್ಯ. 2017ರ ಜನವರಿಯಲ್ಲಿ, ಸಂಕ್ರಾಂತಿಗೆ ಎರಡು ದಿನ ಮುಂಚೆ, ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಬಳಿ ನಾನೇ ತೆಗೆದದ್ದು. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ‘ಎಷ್ಟು ಪ್ರಶಾಂತವಾಗಿದೆ’ ಎನ್ನುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ. ಆ ಚಿತ್ರವನ್ನು ಈಗ ಗೋಡೆಯಿಂದ ಇಳಿಸಿದ್ದೇನೆ. ಏಕೆ ಎಂಬುದಕ್ಕೆ ಮೊದಲು ಅದನ್ನು ತೆಗೆದ ಬಗೆಯನ್ನು ಹೇಳಬೇಕು.

ತಲಕಾಡಿನ ಮರಳನ್ನೋ ಶಿವನಸಮುದ್ರದ ಜಲಪಾತಗಳನ್ನೋ ನೋಡಲು ಹೊರಟವರು ಪೂರಿಗಾಲಿಯಂಥ ಊರಿನಲ್ಲಿ ಕಾರು ನಿಲ್ಲಿಸುವುದಿಲ್ಲ. ರಾಗಿ, ಹುರುಳಿ, ಅಲ್ಲಲ್ಲಿ ಹಿಪ್ಪುನೇರಳೆ, ನಾಲ್ಕು ತೆಂಗಿನ ಮರಗಳಿರುವ ನೆಲದಲ್ಲಿ ಪ್ರವಾಸಿಗೆ ನೋಡುವಂಥದ್ದೇನೂ ಕಾಣದು. ಛಾಯಾಗ್ರಾಹಕನಿಗೆ ಅದೇ ಅನುಕೂಲ. ಚಳಿಗಾಲದ ಬೆಳಗಿನ ಒಂದು ಗಂಟೆಯ ಅವಧಿಯಲ್ಲಿ ಮಂಜು ದೂರದ್ದನ್ನೆಲ್ಲ ಅಳಿಸಿ ಹತ್ತಿರದ ಒಂದೆರಡು ವಸ್ತುಗಳನ್ನಷ್ಟೇ ಉಳಿಸುತ್ತದೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಜಗತ್ತೆಲ್ಲ ನಡುಬೂದು ಬಣ್ಣದ್ದೆಂದೇ ಭಾವಿಸುವ ಯಂತ್ರ. ಅದನ್ನು ನಂಬಿದರೆ ಮಂಜು ಕೊಳೆಯಾದ ಹತ್ತಿಯಂತೆ ಮೂಡುತ್ತದೆ. ಮಾಪಕ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಇಷ್ಟನ್ನು ಕಲಿಯಲು ಫಿಲ್ಮ್ ಕಾಲದಲ್ಲಿ ನಾನು ಕಳೆದುಕೊಂಡ ರೋಲುಗಳು ಕಡಿಮೆಯೇನಲ್ಲ. ನನ್ನ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ ಹನ್ನೆರಡೇ ಚಿತ್ರ. ಪ್ರತಿ ಚಿತ್ರಕ್ಕೂ ಬೆಲೆಯಿದ್ದುದರಿಂದ ಕಾಯುವುದು ಅನಿವಾರ್ಯವಾಗಿತ್ತು. ಇಂದು ಮೊಬೈಲಿನಲ್ಲಿ ಮತ್ತೊಂದು ಚಿತ್ರ ತೆಗೆಯುವ ಸೀಮಾಂತ ವೆಚ್ಚ ಶೂನ್ಯ. ಅರ್ಥಶಾಸ್ತ್ರ ಓದಿದವನಿಗೆ ಅದರ ಪರಿಣಾಮ ಊಹಿಸಲು ಕಷ್ಟವಿಲ್ಲ. ಈಗ ಕಾಯುವವರು ಕಡಿಮೆ.

ಆ ಬೆಳಿಗ್ಗೆ ನಾನೇನೋ ಕಾದೆ. ಆದರೆ ಹುಣಸೆಮರದ ಕೆಳಗೆ ಕಂಬಳಿ ಹೊದ್ದ ರೈತರೊಬ್ಬರು ನಿಂತಿದ್ದರು. ಬಲಗಡೆ ಒಂದು ಕರೆಂಟು ಕಂಬ. ಎರಡು ಹೆಜ್ಜೆ ಎಡಕ್ಕೆ ಸರಿದು ಕಂಬವನ್ನು ತಪ್ಪಿಸಿದೆ. ಮನುಷ್ಯನನ್ನು ತಪ್ಪಿಸುವುದು ಇನ್ನೂ ಸುಲಭವಾಗಿತ್ತು. ‘ಯಜಮಾನ್ರೇ, ಒಂದು ನಿಮಿಷ ಈ ಕಡೆ ಬರ್ತೀರಾ’ ಎಂದೆ. ಅವರು ಏಕೆಂದು ಕೇಳದೆ ಬದುವಿನ ಮೇಲೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಸರ್ಕಾರಿ ಕುರ್ಚಿಯಲ್ಲಿ ಬಹುಕಾಲ ಕುಳಿತವನ ದನಿಗೆ ಹಳ್ಳಿಯ ಜನ ಹಾಗೆ ಸರಿದು ನಿಲ್ಲುತ್ತಾರೆ. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ.

ಕಂಬದ ವಿಷಯದಲ್ಲೂ ಒಂದು ಮಾತು. ಈ ತಾಲ್ಲೂಕಿನ ಶಿವನಸಮುದ್ರದಿಂದಲೇ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬಂದದ್ದೂ ಅಲ್ಲಿಂದಲೇ. ಆದರೂ ಮಳವಳ್ಳಿ ಸೀಮೆಯ ಚಿತ್ರ ತೆಗೆಯುವಾಗ ನಮಗೆ ಕಂಬ, ತಂತಿ ಬೇಡ. ಗಗನಚುಕ್ಕಿಯ ಚಿತ್ರಗಳನ್ನು ನೋಡಿ. ತುಂಬಿ ಹರಿಯುವ ದಿನಗಳಲ್ಲಿ ಅಲ್ಲಿ ಪಕ್ಕದವರ ಮಾತು ಕೇಳಿಸದು. ನೀರು ಬಂಡೆಗೆ ಅಪ್ಪಳಿಸುವ ಸದ್ದು ಎದೆಗೇ ತಾಗುತ್ತದೆ. ಆದರೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಕಿಂಡಿಯನ್ನು ಕಿರಿದುಗೊಳಿಸಿ, ಶಟರನ್ನು ಅರ್ಧ ಸೆಕೆಂಡು ತೆರೆದರೆ ಅದೇ ನೀರು ಹಾಲಿನ ಸೆರಗಾಗಿ, ಸದ್ದಿಲ್ಲದೆ ಇಳಿಯುತ್ತದೆ. ಈಗ ಮೊಬೈಲುಗಳೂ ಆ ಕೆಲಸ ಮಾಡುತ್ತವೆ. ಸುಂದರ ಚಿತ್ರವೇ, ಅನುಮಾನವಿಲ್ಲ. ನಾನೂ ಹಲವು ತೆಗೆದಿದ್ದೇನೆ. ಆದರೆ ಆ ಶಾಂತಿ ಶಟರಿನದು, ಜಲಪಾತದ್ದಲ್ಲ.

2019ರಲ್ಲಿ ಆ ಕಡೆ ಹೋಗುವಾಗ ಹೊಲದ ಯಜಮಾನರಿಗೆಂದು ಚಿತ್ರದ ದೊಡ್ಡ ಪ್ರತಿಯೊಂದನ್ನು ಮಾಡಿಸಿಕೊಂಡು ಹೋದೆ. ತೆಗೆದ ಚಿತ್ರವನ್ನು ಊರಿನವರಿಗೆ ತಲುಪಿಸುವುದು ಹಳೆಯ ಛಾಯಾಗ್ರಾಹಕರ ಒಳ್ಳೆಯ ರೂಢಿ. ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಮೆದೆನೇ ಇಲ್ಲ ನೋಡಿ ಸಾ. ಆ ವರ್ಸ ರಾಗಿ ಎಲ್ಲಾ ಒಣಗೋಯ್ತು. ಸಂಕ್ರಾಂತಿ ಟೈಮಲ್ಲಿ ಹೊಲ್ದತ್ರ ಕಣ ಇರ್ಬೇಕು, ಮೆದೆ ಇರ್ಬೇಕು, ಜನ ಇರ್ಬೇಕು. ಏನೂ ಇಲ್ಲ, ಅದ್ಕೇ ಇಂಗೆ ಸುಮ್ಕೆ ಅದೆ.’

ದನಿಯಲ್ಲಿ ದೂರಿರಲಿಲ್ಲ. ಸ್ವಲ್ಪ ತಡೆದು, ‘ನಾನೂ ಅಲ್ಲೇ ಇದ್ದೆ ಅಲ್ವಾ ಸಾ’ ಎಂದಷ್ಟೇ ಕೇಳಿದರು.

2016ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಆ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಹೊತ್ತಿ ಉರಿಯಿತು. ಇವೆಲ್ಲ ನನಗೆ ಗೊತ್ತಿಲ್ಲದ ಸಂಗತಿಗಳಲ್ಲ. ಕಡತಗಳಲ್ಲಿ ಬೆಳೆನಷ್ಟದ ಅಂಕಿಗಳನ್ನು ಓದಿಯೇ ವೃತ್ತಿ ಕಳೆದವನು ನಾನು. ಕಾವೇರಿ ಕೂಗಳತೆಯಲ್ಲಿ ಹರಿದರೂ ನೀರು ಹತ್ತದ ಜಮೀನು ಈ ಭಾಗದಲ್ಲಿ ಬಹಳವಿದೆಯೆಂಬುದೂ, ಪೂರಿಗಾಲಿಯ ಹೆಸರಿನಲ್ಲೇ ಸರ್ಕಾರ ಒಂದು ಹನಿ ನೀರಾವರಿ ಯೋಜನೆಯನ್ನು ಕೈಗೆತ್ತಿಕೊಂಡದ್ದು ಆ ಕಾರಣಕ್ಕೇ ಎಂಬುದೂ ತಿಳಿದಿತ್ತು. ಆದರೆ ಕ್ಯಾಮೆರಾ ಕಣ್ಣಿಗೆ ಹಿಡಿದ ಕ್ಷಣ ಅದ್ಯಾವುದೂ ನೆನಪಿಗೆ ಬರಲಿಲ್ಲ. ಮೆದೆಯಿಲ್ಲದ ಹೊಲ ನನಗೆ ನೆಮ್ಮದಿಯಾಗಿ ಕಂಡಿತು. ಅಲ್ಲಿ ಏನಿಲ್ಲ ಎಂಬುದನ್ನು ಕಾಣಲು ಆ ಹೊಲವನ್ನು ಉತ್ತವನ ಕಣ್ಣೇ ಬೇಕಾಯಿತು.

ಇದು ನನ್ನೊಬ್ಬನ ತಪ್ಪೆಂದು ಹೇಳಿ ಪಾರಾಗಬಹುದಿತ್ತು. ಆದರೆ ನಿಸರ್ಗ ಛಾಯಾಗ್ರಹಣದ ಚರಿತ್ರೆಯಲ್ಲೇ ಈ ಚಾಳಿ ಇದೆ. ಅಮೆರಿಕದ ಆನ್ಸೆಲ್ ಆಡಮ್ಸ್ ದಶಕಗಟ್ಟಲೆ ತೆಗೆದ ಯೊಸೆಮಿಟಿ ಕಣಿವೆಯ ಚಿತ್ರಗಳು ಪ್ರಶಾಂತತೆಗೆ ಜಗತ್ಪ್ರಸಿದ್ಧ. ಅವುಗಳಲ್ಲಿ ಮನುಷ್ಯರು ಕಾಣುವುದು ಬಹಳ ವಿರಳ. ಆ ಕಣಿವೆಯಲ್ಲಿದ್ದ ಮೂಲನಿವಾಸಿಗಳನ್ನು 1851ರಲ್ಲಿ ಸಶಸ್ತ್ರ ಪಡೆಯೊಂದು ಹೊರಗಟ್ಟಿತ್ತು. ಮರಳಿ ಬಂದು ನೆಲೆಸಿದವರ ಕೊನೆಯ ಊರನ್ನು 1969ರಲ್ಲಿ ಕೆಡವಲಾಯಿತು. ಆಡಮ್ಸ್ ಅವರ ಕಲೆಯನ್ನು ನಾನು ಹೀಗಳೆಯುತ್ತಿಲ್ಲ, ಅಷ್ಟು ಯೋಗ್ಯತೆಯೂ ನನಗಿಲ್ಲ. ಆ ಚಿತ್ರಗಳನ್ನು ನೋಡಿದಾಗ ಈಗ ಬದುವಿನ ಮೇಲೆ ನಿಂತ ಕಂಬಳಿಯವರು ನೆನಪಾಗುತ್ತಾರೆ, ಅಷ್ಟೆ.

ನಮ್ಮಲ್ಲೇ ಬೇರೆ ದಾರಿಯೂ ಇತ್ತು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆಯವರು ಅರ್ಥಶಾಸ್ತ್ರ ಓದಿದವರು, ಜೊತೆಗೆ ಅಂತಾರಾಷ್ಟ್ರೀಯ ಮನ್ನಣೆ ಪಡೆದ ವನ್ಯಜೀವಿ ಛಾಯಾಗ್ರಾಹಕರು. ನನ್ನ ತಲೆಮಾರಿನ ಅಧಿಕಾರಿಗಳಲ್ಲಿ ಹಲವರಿಗೆ ಕ್ಯಾಮೆರಾ ಹಿಡಿಯುವ ಧೈರ್ಯ ಬಂದದ್ದು ಅವರನ್ನು ಕಂಡು. ಆದರೆ ಆ ಮಜ್ಜಿಗೆಯ ದಿನದ ನಂತರ ನಾನು ಮತ್ತೆ ತೆರೆದದ್ದು ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಕೆಲಸ, ಬಡತನ, ಗದ್ದಲ ಎಲ್ಲವೂ ಇವೆ. ಆದರೂ ನೋಡುಗನ ಉಸಿರು ನಿಧಾನವಾಗುತ್ತದೆ. ಅವುಗಳಲ್ಲಿರುವ ಜನ ತಮ್ಮ ಪಾಡಿಗೆ ತಾವಿರುವುದರಿಂದ ಹಾಗಾಗುತ್ತದೆಂದು ನನಗನ್ನಿಸುತ್ತದೆ.

ಜನರನ್ನು ಹಾಗೆ ತೆಗೆಯುವುದು ಮಂಜನ್ನು ತೆಗೆಯುವುದಕ್ಕಿಂತ ಕಷ್ಟ. ಕ್ಯಾಮೆರಾ ಕಂಡೊಡನೆ ಅಂಗಿಯ ಗುಂಡಿ ಹಾಕಿಕೊಂಡು ಪಾಸ್‌ಪೋರ್ಟ್ ಚಿತ್ರಕ್ಕೆ ನಿಂತಂತೆ ಬಿಗಿಯಾಗುತ್ತಾರೆ. ಮೊದಲು ಅಂಥದೇ ಒಂದು ಚಿತ್ರ ತೆಗೆದುಬಿಡಬೇಕು. ಅದು ಅವರ ಹಕ್ಕು. ಆಮೇಲೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಮಳೆ, ಮಗಳ ಮದುವೆ, ರೇಷ್ಮೆಗೂಡಿನ ದರ ಎಂದು ಮಾತಿಗೆ ಕೂರಬೇಕು. ಅರ್ಧ ಗಂಟೆಯಾದ ಮೇಲೆ ಯಜಮಾನಿತಿ ಅವರೆಕಾಯಿ ಸುಲಿಯಲು ಕೂರುತ್ತಾರೆ. ಬಾಗಿಲಿನಿಂದ ಓರೆಯಾಗಿ ಬಂದ ಬೆಳಕು ಮೊರದ ಮೇಲೆ, ಕೈಯ ಮೇಲೆ ಬೀಳುತ್ತದೆ. ಆಗ ಒಂದೇ ಒಂದು ಚಿತ್ರ ಸಾಕು.

ಕಳೆದ ಬಾರಿ ಹೋದಾಗ ಅದೇ ಹುಣಸೆಮರದ ಚಿತ್ರವನ್ನು ಮತ್ತೆ ತೆಗೆದೆ. ಈ ಸಲ ಅವರು ಮರದ ಕೆಳಗೇ ಇದ್ದರು. ಬಲಕ್ಕೆ ಕರೆಂಟು ಕಂಬ, ಹಿಂದೆ ಅರ್ಧ ಕಟ್ಟಿದ ಮೆದೆ, ಅದರ ಮೇಲೆ ನಿಂತ ಅವರ ಮಗ. ಮಂಜು ಆಗಲೇ ಕರಗಿಹೋಗಿತ್ತು. ಸ್ಪರ್ಧೆಗೆ ಕಳುಹಿಸಿದರೆ ತೀರ್ಪುಗಾರರು ಎರಡನೇ ಸಲ ನೋಡಲಾರರು. ಹಜಾರದ ಗೋಡೆಯ ಮೇಲೆ ಈಗ ಅದೇ ಇದೆ. ಇನ್ನೊಂದು ಪ್ರತಿಯನ್ನು ಅವರ ಮನೆಗೆ ಕೊಟ್ಟು ಬಂದೆ. ಅವರ ಹೆಂಡತಿ ಸೆರಗಿನಿಂದ ಗಾಜನ್ನು ಒರೆಸಿ, ಮೂಲೆಮೂಲೆಯನ್ನೂ ಹುಡುಕಿ ನೋಡಿ ಹೇಳಿದರು: ‘ನಮ್ ಹಸನೇ ಬುಟ್ಬುಟ್ಟಿದ್ದೀರಲ್ಲ ಸಾ.’