ಮಕ್ಕಳ ಹಲ್ಲಿನ ಸಾಲು ಕೆಡುವುದೇಕೆ?



ಮಳೆಗಾಲಕ್ಕೆ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ವಿಚಾರ ತಿಳಿಸಲು ಶಿರ್ತಾಡಿಯ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಎಂಟು ವರ್ಷದ ಹುಡುಗಿ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಮೇಲಿನ ಹಲ್ಲುಗಳು ಮುಂದೆ ಚಾಚಿದ್ದವು. "ಅಜ್ಜನ ಹಲ್ಲೇ ಬಂದಿದೆ, ಏನು ಮಾಡುವುದು" ಎಂದರು ತಂದೆ. "ಮೊನ್ನೆ ಮೊನ್ನೆಯವರೆಗೂ ಬೆರಳು ಚೀಪುತ್ತಿದ್ದಳಲ್ಲ" ಎಂದರು ಅಜ್ಜಿ.

ಇಬ್ಬರ ಮಾತೂ ನಿಜ. ದವಡೆ ಮತ್ತು ಹಲ್ಲಿನ ಗಾತ್ರ ವಂಶದಿಂದ ಬರುತ್ತದೆ. ಆದರೆ ಅಭ್ಯಾಸಕ್ಕೂ ಮನೆಯ ರೀತಿಗೂ ಅದರಲ್ಲಿ ಪಾಲುಂಟು. ನಾವು ತಿದ್ದಬಹುದಾದುದು ಆ ಪಾಲನ್ನು.

ಬೇಲಿಯ ಗೂಟಕ್ಕೆ ದನ ಒಮ್ಮೆ ಗುದ್ದಿದರೆ ಗೂಟ ನಿಂತೀತು. ದಿನವೂ ಮೈ ಒರಗಿಸಿದರೆ ವಾಲುತ್ತದೆ. ಹಲ್ಲೂ ಹಾಗೆಯೇ. ಬೆರಳಿನ ಒತ್ತಡ ಅಲ್ಪವಾದರೂ ಗಂಟೆಗಟ್ಟಲೆ, ವರ್ಷಗಟ್ಟಲೆ ಬಿದ್ದಾಗ ಮೇಲಿನ ಹಲ್ಲು ಮುಂದಕ್ಕೆ ಬರುತ್ತದೆ. ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳ ನಡುವೆ ಸಂದು ಉಳಿಯುತ್ತದೆ.

ಎಳೆಗೂಸು ಬೆರಳು ಚೀಪುವುದು ಸಹಜ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ. ಆಮೇಲೂ ಮುಂದುವರಿದರೆ ಗಮನಿಸಬೇಕು. ಮನೆಗೆ ತಮ್ಮನೋ ತಂಗಿಯೋ ಬಂದಾಗ, ಹೆದರಿಕೆಯಾದಾಗ, ನಿದ್ದೆ ಬಂದಾಗ ಮಗು ಬೆರಳಿನ ಆಸರೆ ಹುಡುಕುತ್ತದೆ. ಹೊಡೆದರೆ, ನಾಚಿಸಿದರೆ ಅಭ್ಯಾಸ ಇನ್ನೂ ಗಟ್ಟಿಯಾದೀತು.

ಎರಡನೆಯ ಕಾರಣ, "ಹಾಲುಹಲ್ಲು ಹೇಗೂ ಬೀಳುವುದಲ್ಲವೇ" ಎಂಬ ನಮ್ಮ ಉದಾಸೀನ. ಹಾಲುಹಲ್ಲು 20. ಹಿಂದಿನ ಹಾಲು ದವಡೆಹಲ್ಲುಗಳು 10–12 ವರ್ಷದವರೆಗೆ ಮುಂದೆ ಬರುವ ಹಲ್ಲಿಗೆ ಜಾಗ ಕಾಯುತ್ತವೆ. ಅವು ಹುಳುಕಾಗಿ ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಹೊಸ ಹಲ್ಲು ಅಡ್ಡಲಾಗಿ ಮೂಡುತ್ತದೆ. ಗದ್ದೆಯ ಕೆಲಸ, ಬೀಡಿ ಕಟ್ಟುವ ಕೆಲಸಗಳ ನಡುವೆ ಮಗುವನ್ನು ಮಲಗಿಸಲು ಸಿಹಿ ಹಾಲಿನ ಬಾಟಲಿ ಕೊಡುವುದು ಸುಲಭವೆನಿಸುತ್ತದೆ. ಆದರೆ ಆ ಸಿಹಿ ರಾತ್ರಿಯಿಡೀ ಹಲ್ಲಿಗೆ ಅಂಟಿರುತ್ತದೆ.

ಮನೆಯಲ್ಲಿ ಮಾಡಬೇಕಾದುದು:

1. ಸಿಹಿ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ರಾತ್ರಿ ಮಲಗುವ ಮೊದಲು ನೀವೇ ಮಗುವಿನ ಹಲ್ಲುಜ್ಜಿ.

2. ಬೆರಳು ಬಿಟ್ಟ ದಿನ ಮೆಚ್ಚಿ ಮಾತಾಡಿ. ನಿದ್ದೆಯ ಹೊತ್ತಿಗೆ ಹತ್ತಿರ ಕುಳಿತುಕೊಳ್ಳಿ.

3. ಮಗು ಸದಾ ಬಾಯಿ ತೆರೆದು ಉಸಿರಾಡಿದರೆ, ಗೊರಕೆ ಹೊಡೆದರೆ ಮೂಗು ಕಟ್ಟುವ ಕಾಯಿಲೆ ಇದ್ದೀತು. ಇದೂ ಹಲ್ಲಿನ ಸಾಲನ್ನು ಕೆಡಿಸಬಹುದು. ವೈದ್ಯರಿಗೆ ತೋರಿಸಿ.

4. ಆರು ವರ್ಷದ ಸುಮಾರಿಗೆ ಯಾವ ಹಲ್ಲೂ ಬೀಳದೆಯೇ ಹಿಂದೆ ಹೊಸ ದವಡೆಹಲ್ಲು ಬರುತ್ತದೆ. ಇದು ಹಾಲುಹಲ್ಲಲ್ಲ, ಕಡೆತನಕ ಇರಬೇಕಾದುದು.

5. ಏಳು ವರ್ಷದೊಳಗೆ ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳ ತಪಾಸಣೆಗೆ ಹಲ್ಲೂ ಸೇರಿದೆ. ತಂಡ ಬಂದ ದಿನ ಮಗುವನ್ನು ತಪ್ಪದೆ ಕಳುಹಿಸಿ.

ಆ ಹುಡುಗಿಗೆ ಕಾಲ ಮಿಂಚಿಲ್ಲ. ಈಗ ತೋರಿಸಿದರೆ ದವಡೆ ಬೆಳೆಯುತ್ತಿರುವಾಗಲೇ ತಿದ್ದುವ ದಾರಿ ಉಂಟು. ತಡಮಾಡಿದರೆ ಹಲ್ಲಿಗೆ ಕ್ಲಿಪ್ ಹಾಕಿಸಿ ಒಂದೂವರೆ, ಎರಡು ವರ್ಷ ಮಂಗಳೂರಿಗೆ ಓಡಾಡಬೇಕಾದೀತು. ಎಳೆಯ ಸಸಿಗೆ ಆಧಾರ ಕೊಡುವ ನೀವು ಮನೆಯ ಸಸಿಯನ್ನು ಮರೆಯದಿರಿ.